ಹೆಬ್ಬೆರಳಿಲ್ಲದ ಕೈಗೊಂದು ಗಿಡ್ಡ ಕೋವಿ

ಡೆಲ್ಮರ್ ಕ್ವಾಮ್‌ನ ಬಲಗೈ ಹೆಬ್ಬೆರಳು ಟಿಂಡರ್ ಹಳ್ಳದ ದಂಡೆಯಲ್ಲಿ ಎಲ್ಲೋ ಬಿದ್ದಿದೆ. ಹುಡುಕಲು ಹೋದವರಿದ್ದರು, ಸಿಗಲಿಲ್ಲ. ಕಾಗೆ ಒಯ್ದಿರಬೇಕು ಎಂದು ಅವನೇ ನಗುತ್ತಾನೆ. ಕುಂಟುತ್ತಿದ್ದ ಒಂದು ಕರುವಿಗೆ ಔಷಧಿ ಚುಚ್ಚಬೇಕಿತ್ತು. ಕುದುರೆಯ ಮೇಲಿಂದ ಹಗ್ಗ ಎಸೆದ, ಕುಣಿಕೆ ಕೊರಳಿಗೆ ಬಿತ್ತು. ಹಗ್ಗದ ಈಚೆ ತುದಿಯನ್ನು ಜೀನಿನ ಮುಂದೆ ಎದ್ದಿರುವ ಕೊಂಬಿಗೆ ಸುತ್ತುವಾಗ ಹೆಬ್ಬೆರಳು ನಡುವೆ ಸಿಕ್ಕಿಕೊಂಡಿತು. ಕರು ಎಳೆಯಿತು, ಕುದುರೆ ಕಾಲೂರಿ ನಿಂತಿತು, ಬೆರಳು ಹೋಯಿತು. ನಮ್ಮ ಕಣಿವೆಯಲ್ಲಿ ಇದು ಹೊಸದೇನಲ್ಲ. ಮಾಂಟಾನಾದ ಈ ಮೂಲೆಯಲ್ಲಿ ಹಗ್ಗವನ್ನು ಕೊಂಬಿಗೆ ಮೊದಲೇ ಗಂಟು ಹಾಕಿಕೊಂಡು ಸವಾರಿ ಹೊರಡುವವನನ್ನು ದೊಡ್ಡವರು ಬಿಡಿ, ಮಕ್ಕಳೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕೈಯಿಂದಲೇ ಸುತ್ತಬೇಕು, ಕೈಯಿಂದಲೇ ಸಡಿಲಿಸಬೇಕು. ಆ ಒಣಜಂಬಕ್ಕೆ ತೆತ್ತ ಬೆರಳುಗಳನ್ನೆಲ್ಲ ಕೂಡಿಟ್ಟರೆ ಒಂದು ಡಬ್ಬಿ ತುಂಬುತ್ತದೆ. ಆದರೂ ಯಾರೂ ಬುದ್ಧಿ ಕಲಿತಿಲ್ಲ, ಕಲಿಯುವುದೂ ಇಲ್ಲ.

ಡೆಲ್ಮರ್ ಬೆಟ್ಟದ ಸವಾರ. ಕಣಿವೆಯ ಐದು ಮನೆಗಳ ದನಗಳನ್ನು ಜೂನ್ ತಿಂಗಳಲ್ಲಿ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಹಿಮ ಬೀಳುವವರೆಗೂ ಮರದ ದಿಮ್ಮಿಯ ಗುಡಿಸಲಲ್ಲಿ ಒಬ್ಬನೇ ಇದ್ದು ಕಾಯುವವನು. ಇಪ್ಪತ್ತೆರಡನೆಯ ವಯಸ್ಸಿಗೆ ಹಿಡಿದ ಕೆಲಸ, ಈಗ ತಲೆಯೆಲ್ಲ ನರೆತಿದೆ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಹೆಂಡತಿ ಜೊರೆಟ ಕೆಳಗೆ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಳು, ಈ ವಸಂತದಲ್ಲಿ ಆ ಕೆಲಸ ಬಿಟ್ಟಳು. ಅವನು ಮೇಲಕ್ಕೆ, ಅವಳು ಕೆಳಗೆ. ಮದುವೆಯಾದಾಗಿನಿಂದ ಬೇಸಿಗೆ ಎಂದರೆ ಹಾಗೆಯೇ.

ಜಗಳವಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ, ಅಷ್ಟೆ. ಕ್ವಾಮ್ ಮನೆತನದವರು ನಾರ್ವೆಯಿಂದ ಬರುವಾಗ ಹಡಗಿನಲ್ಲಿ ಎಲ್ಲ ತಂದರು, ಮಾತು ಮಾತ್ರ ಅಲ್ಲೇ ಬಿಟ್ಟು ಬಂದರು ಎಂದು ಜೊರೆಟ ಆಡಿಕೊಳ್ಳುತ್ತಾಳೆ. 'ಥ್ಯಾಂಕ್ಸ್' ಎಂಬ ಮಾತನ್ನು ಆ ಮನೆಯವರು ಕುದುರೆಗೆ ಹೇಳುತ್ತಾರೆ, ನಾಯಿಗೆ ಹೇಳುತ್ತಾರೆ. ಮನುಷ್ಯರಿಗೆ ಹೇಳಬೇಕಾಗಿ ಬಂದರೆ ಟೋಪಿ ಸರಿಮಾಡಿಕೊಂಡು ಎದ್ದು ಹೊರಗೆ ಹೋಗುತ್ತಾರೆ.

ಬೆರಳು ಹೋದ ವರ್ಷ, ಚಳಿಗಾಲದ ಹೊಸ್ತಿಲಲ್ಲಿ, ಪಕ್ಕದ ಕಣಿವೆಯಿಂದ ಕೆಟ್ಟ ಸುದ್ದಿ ಬಂದಿತ್ತು. ಅಲ್ಲಿನ ಸವಾರನೊಬ್ಬನನ್ನು ಕರಡಿ ಹರಿದು ಹಾಕಿತ್ತು. ಬದುಕಿಕೊಂಡ, ಆದರೆ ಬದುಕು ಎನ್ನುವ ಹಾಗಿರಲಿಲ್ಲ. ಐದು ಮನೆಗಳ ಕೂಟಕ್ಕೆ ಹಿರಿಯಳಾದ ವಿಲ್ಡಾ ಆಸ್ಟ್‌ಬಿ ಮಾರ್ಚ್‌ನಲ್ಲಿ ಒಂದು ದಿನ ಪಿಕಪ್ ನಿಲ್ಲಿಸಿ, ಇಂಜಿನ್ ಆರಿಸದೆ, ಕಿಟಕಿಯಿಂದಲೇ ಮಾತಾಡಿದಳು. ಅವಳಿಗೆ ಒಳಗೆ ಬಂದು ಕೂರುವ ವ್ಯವಧಾನ ಎಂದೂ ಇಲ್ಲ.

"ಡೆಲ್ಮರ್, ಸುತ್ತಿ ಬಳಸಿ ಹೇಳೋಕೆ ನಂಗೆ ಬರಲ್ಲ. ಕೋವಿ ನಡೆಸೋಕೆ ಆಗದವನನ್ನ ಒಬ್ಬನೇ ಮೇಲೆ ಕಳಿಸಲ್ಲ."

"ರೈಫಲ್ ಇದೆಯಲ್ಲ."

"ಹೋದ ವಾರ ನೀನು ಆ ರೈಫಲ್ ಹಿಡ್ಕೊಂಡು ಒದ್ದಾಡಿದ್ದನ್ನ ನೋಡಿದೀನಿ. ಕರಡಿ ಅಷ್ಟು ಹೊತ್ತು ಕಾಯುತ್ತಾ? ನಿನ್ನ ರಿವಾಲ್ವರ್ ಸುದ್ದಿ ಬೇಡ, ಅದು ನಿನ್ನ ಹಣೆ ಮೇಲೇ ಬರೆದಿದೆ."

ನಿಜ. ಹಿಡಿತಕ್ಕೆ ಹೆಬ್ಬೆರಳಿಲ್ಲದ ಕೈಯಿಂದ ರಿವಾಲ್ವರ್ ಹಾರಿಸಿದಾಗ ಅದು ಹಿಂದಕ್ಕೆ ಪುಟಿದು ಹುಬ್ಬಿನ ಮೇಲೆ ಬಡಿದಿತ್ತು. ಗಾಯದ ಗುರುತು ಇನ್ನೂ ಕೆಂಪಗಿತ್ತು.

"ಕರುಗಳಿಗೆ ಮುದ್ರೆ ಒತ್ತೋ ದಿನ ನಮ್ಮನೆಗೆ ಬರ್ತೀಯಲ್ಲ, ಆವತ್ತು ನೀನೇ ಹೇಳು. ನನ್ನ ಕೈಗೆ ಒಗ್ಗೋ ಕೋವಿ ಸಿಕ್ಕಿದೆ, ಅದನ್ನ ನಂಬಿ ಒಬ್ಬನೇ ಇರ್ತೀನಿ ಅಂದ್ರೆ ಮುಗೀತು. ನಾನು ಪರೀಕ್ಷೆ ಮಾಡೋಕೆ ಬರಲ್ಲ. ನಿನ್ನ ಮಾತು ಸಾಕು."

ನಮ್ಮಲ್ಲಿ ಹಾಗೆಯೇ. ಸವಾರ ಬೆಟ್ಟದಿಂದ ಇಳಿದು, ಇಷ್ಟು ಸತ್ತವು, ಇಷ್ಟು ಉಳಿದವು ಎಂದರೆ ಯಾರೂ ಹೋಗಿ ಎಣಿಸುವುದಿಲ್ಲ. ಅವನ ಮಾತಿನ ಮೇಲೆ ಐದು ಮನೆಗಳ ವರ್ಷದ ಅನ್ನ ನಿಂತಿರುತ್ತದೆ. ಸುಳ್ಳು ಹೇಳಿದ ಸವಾರ ಇನ್ನೊಂದು ಬೇಸಿಗೆ ಈ ಕಣಿವೆಯಲ್ಲಿ ಕಾಫಿ ಕುಡಿದದ್ದಿಲ್ಲ.

ಪೇಟೆಯಲ್ಲಿ ಇರ್ವಿನ್ ಬುಕ್‌ಹೋಲ್ಟ್ಸ್ ಎಂಬವನು ಜೀನು ಹೊಲಿಯುತ್ತಾನೆ, ಕೋವಿಗಳನ್ನೂ ರಿಪೇರಿ ಮಾಡುತ್ತಾನೆ. ಡೆಲ್ಮರ್‌ನ ಕೈಯನ್ನು ಮುದುಕಿಯರು ಟೊಮೆಟೊ ನೋಡುವ ಹಾಗೆ ಒತ್ತಿ, ತಿರುವಿ ನೋಡಿದ ಇರ್ವಿನ್, ಒಳಗಿನಿಂದ ಒಂದು ಸಾಮಾನು ತಂದು ಮೇಜಿನ ಮೇಲಿಟ್ಟ. ಲಿವರ್ ಇರುವ ರೈಫಲ್ಲೇ ಅದು, ಆದರೆ ಎರಡೂ ಕಡೆ ಮೊಟಕಾದದ್ದು. ನಳಿಗೆ ಮೊಳದಷ್ಟು. ಭುಜಕ್ಕೆ ಆನಿಸುವ ಮರದ ಹಿಂಭಾಗದಲ್ಲಿ ಒಂದು ಮೋಟು ಮಾತ್ರ ಉಳಿದಿತ್ತು. ಕೆಳಗೆ ಲಿವರಿನ ಬಳೆ, ಕೈಗವಸು ಹಾಕಿದ ಕೈಯೇ ತೂರುವಷ್ಟು ದೊಡ್ಡದು.

"ಇದೇನು ಮಾರಾಯ, ಬಾಲ ಕತ್ತರಿಸಿದ ನಾಯಿ ಇದ್ದ ಹಾಗಿದೆ," ಅಂದ ಡೆಲ್ಮರ್.

"ಕಾಯಿದೆ ಪ್ರಕಾರ ಪಿಸ್ತೂಲು. ನಿನಗೆ ಹೇಗೆ ಕಾಣುತ್ತೋ ಹಾಗೆ ಕರಿ. ಬೆರಳು ಒಳಗೆ ಹಾಕು. ನಾಲ್ಕೂ ಹೋಗುತ್ತಾ?"

"ಇರೋದೇ ನಾಲ್ಕು."

ಹೋಯಿತು. ಲಿವರ್ ಕೆಳಗೆ ತಳ್ಳಿ ಮೇಲಕ್ಕೆ ಎಳೆದ. ಖಟಕ್ ಎಂದು ಬಾಯಿ ತೆರೆದು ಮುಚ್ಚಿಕೊಂಡಿತು. ಆ ಕೆಲಸಕ್ಕೆ ಹೆಬ್ಬೆರಳು ಬೇಕೇ ಆಗಿರಲಿಲ್ಲ. ಬೆರಳು ಕಳೆದುಕೊಂಡ ಮೇಲೆ ಮೊದಲ ಸಲ ಆ ಕೈಗೆ ಒಂದು ಸಾಮಾನು ಸರಿಯಾಗಿ ಒಪ್ಪಿತ್ತು. ಡೆಲ್ಮರ್ ಟೋಪಿ ಸರಿಮಾಡಿಕೊಂಡ.

"ಒಯ್ದು ಬಳಸಿ ನೋಡು," ಅಂದ ಇರ್ವಿನ್. "ಬೆಟ್ಟದ ಕೆಲಸಕ್ಕೆ ಆಗುತ್ತೋ ಇಲ್ವೋ ನನಗೂ ಗೊತ್ತಾಗ್ಬೇಕು. ಇದನ್ನ ಕೊಂಡೋರೆಲ್ಲ ಗೋಡೆಗೆ ನೇತು ಹಾಕ್ತಾರೆ. ಗೋಡೆ ನಂಗೇನು ಹೇಳುತ್ತೆ?"

ಮನೆಯ ಹಿಂದಿನ ಬೇಲಿಕಂಬಗಳ ಮೇಲೆ ಹುರುಳಿಕಾಯಿಯ ಖಾಲಿ ಡಬ್ಬಿಗಳನ್ನಿಟ್ಟು ಡೆಲ್ಮರ್ ಹೊಡೆಯತೊಡಗಿದ. ಮೊದಮೊದಲು ಡಬ್ಬಿ ಬಿಟ್ಟು ಉಳಿದದ್ದಕ್ಕೆಲ್ಲ ತಗಲಿತು. ಭುಜಕ್ಕೆ ಆನಿಸಲು ಏನೂ ಇಲ್ಲದ ಕೋವಿ ಗಾಳಿಯಲ್ಲಿ ತೇಲುತ್ತದೆ. ಸೊಂಟದ ಹತ್ತಿರ ಹಿಡಿದರೆ ಗುಂಡು ಎಲ್ಲಿ ಹೋಗುತ್ತದೆಂದು ದೇವರಿಗೇ ಗೊತ್ತು. ಕೊನೆಗೆ ಕತ್ತಿನಿಂದ ಒಂದು ಚರ್ಮದ ಪಟ್ಟಿ ಇಳಿಬಿಟ್ಟು ಕೋವಿಗೆ ಬಿಗಿದು, ಎರಡೂ ಕೈಯಿಂದ ಮುಂದಕ್ಕೆ ತಳ್ಳಿ ಪಟ್ಟಿ ಬಿಗಿಯಾಗುವಂತೆ ಹಿಡಿದ. ಆಗ ಅದು ಅಲುಗದೆ ನಿಂತಿತು. ಅಂಗಳದ ಆಚೆ ತುದಿಯವರೆಗೆ ಎಲ್ಲಿಟ್ಟರೂ ಡಬ್ಬಿ ಬೀಳುತ್ತಿತ್ತು. ಅದಕ್ಕಿಂತ ದೂರಕ್ಕೆ ಅದನ್ನು ನಂಬಿದವನು ಕೆಟ್ಟ. ಆದರೆ ಕಾಲು ಮುರಿದ ಹಸುವೂ ಮೈಮೇಲೆ ಬರುವ ಕರಡಿಯೂ ಅಂಗಳದೊಳಗಿನ ವಿಷಯವೇ. ಒಂದು ತೊಡಕು ಮಾತ್ರ ಇತ್ತು. ಗುಂಡು ಒಳಗಿಳಿದು ಕೋವಿಯ ಕುದುರೆ, ಅಂದರೆ ಗುಂಡಿನ ಬೆನ್ನಿಗೆ ಬಡಿಯುವ ಸುತ್ತಿಗೆ, ಎದ್ದು ನಿಂತ ಮೇಲೆ, ಹೊಡೆಯದೆ ಅದನ್ನು ಮೆಲ್ಲಗೆ ಇಳಿಸಲು ಹೆಬ್ಬೆರಳು ಬೇಕು. ಎಡಗೈಯ ಬೆರಳಲ್ಲಿ ಇಳಿಸಬಹುದು, ಆದರೆ ಕೈ ನಡುಗಬಾರದು. ಹಾಗಾಗಿ ಒಳಗೆ ಗುಂಡಿಳಿಸದೆಯೇ ಒಯ್ಯುವುದು, ಬೇಕಾದಾಗ ಲಿವರ್ ಎಳೆಯುವುದು ಎಂದು ತೀರ್ಮಾನಿಸಿಕೊಂಡ.

ಜೊರೆಟ ಮೆಟ್ಟಿಲ ಮೇಲೆ ಕೂತು ಪೈ ಮಾಡಲು ರೂಬಾರ್ಬ್ ಎಂಬ ಹುಳಿ ದಂಟು ಹೆಚ್ಚುತ್ತಿದ್ದಳು. "ಕೋಳಿಗಳು ಮೊಟ್ಟೆ ಇಡೋದು ಬಿಟ್ಟಾಯ್ತು," ಅಂದಳು. "ಇನ್ನು ಹಸು ಹಾಲೂ ಬತ್ತಿಸ್ತೀಯೇನೋ."

"ನೀನೊಂದು ಹೊಡೆದು ನೋಡು, ಗೊತ್ತಾಗುತ್ತೆ ಕಷ್ಟ."

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದಳು, ಪಟ್ಟಿ ಕತ್ತಿಗೆ ಹಾಕಿಕೊಂಡಳು, ಲಿವರ್ ಎಳೆದಳು, ಹೊಡೆದಳು. ಕೊನೆಯ ಕಂಬದ ಡಬ್ಬಿ ಹಾರಿ ಹೋಯಿತು. ಕೋವಿ ಅವನ ಕೈಗಿಟ್ಟು, "ಒಲೆ ಮೇಲೆ ಬೀನ್ಸ್ ಇಟ್ಟಿದ್ದೆ," ಎನ್ನುತ್ತ ಒಳಗೆ ಹೋದಳು. ಗಾಳಿಗೆ ಬಿದ್ದಿರಬೇಕು ಎಂದುಕೊಂಡ ಡೆಲ್ಮರ್. ಗಾಳಿ ಇರಲಿಲ್ಲ.

ಮೇ ಕೊನೆಯಲ್ಲಿ, ದನ ಹೊಡೆಯುವ ಮೊದಲು, ಗುಡಿಸಲನ್ನೂ ಬೇಲಿಯನ್ನೂ ನೋಡಿಕೊಂಡು ಬರಲು ಅವನು ಹೊರಟ. ಕೋವಿಗೂ ಅದೇ ನಿಜವಾದ ಪರೀಕ್ಷೆ. ಇರ್ವಿನ್ ಹೊಲಿದುಕೊಟ್ಟ ಚರ್ಮದ ಒರೆಯನ್ನು ಜೀನಿನ ಮುಂದೆ, ಕೊಂಬಿನ ಬಲಕ್ಕೇ ಕಟ್ಟಿದ. ಕೈ ಚಾಚಿದರೆ ಲಿವರಿನ ಬಳೆ ಸಿಗುವಂತಿತ್ತು. ಹಿಂದೆ ಸಾಮಾನು ಹೊತ್ತ ಹೇಸರಗತ್ತೆ. ಅದರ ಹೆಸರು ಮಿಸ್ ಪ್ರೂಯಿಟ್. ಡೆಲ್ಮರ್‌ಗೆ ಲೆಕ್ಕ ಕಲಿಸಿದ ಟೀಚರಿನ ಹೆಸರು. ತಪ್ಪು ಮಾಡಿದವನನ್ನು ಅವನಾಗಿಯೇ ಒಪ್ಪಿಕೊಳ್ಳುವವರೆಗೂ ಎವೆಯಿಕ್ಕದೆ ನೋಡುವುದರಲ್ಲಿ ಇಬ್ಬರೂ ಒಂದೇ.

ಜೊರೆಟ ಗೇಟಿನ ತನಕ ಬಂದಳು. ಅವಳ ತವರಿನವರು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಕಾಡಿಗೆ ಸಾಗಿಸುತ್ತಿದ್ದವರು. "ಅವಳ ಹಗ್ಗಾನ ಜೀನಿನ ಹಿಂದಿನ ಉಂಗುರಕ್ಕೆ ತೆಳ್ಳಗಿನ ದಾರದಲ್ಲಿ ಕಟ್ಟು," ಅಂದಳು. "ಹೆಚ್ಚುಕಮ್ಮಿ ಆದ್ರೆ ದಾರ ಹರಿಯುತ್ತೆ, ಯಾರಿಗೂ ಏನೂ ಆಗಲ್ಲ. ನಮ್ಮಪ್ಪ ಯಾವಾಗ್ಲೂ ಹಾಗೇ ಮಾಡ್ತಿದ್ದ."

"ನಿಮ್ಮಪ್ಪ ದಾರದ ಮನುಷ್ಯ. ನಾನು ಹಗ್ಗದವನು."

"ಹೌದೌದು. ಹಗ್ಗದವನ ಕೈ ನೋಡಿದ್ರೇ ಗೊತ್ತಾಗುತ್ತಲ್ಲ."

ಅವನು ನಕ್ಕು, ಹಗ್ಗವನ್ನು ಕೈಯಲ್ಲೇ ಹಿಡಿದು ಹೊರಟ. ಮೊಂಡುತನಕ್ಕೂ ಒಂದು ಮಿತಿ ಬೇಡವೇ.

ಮೇಲಿನ ತಿರುವಿನಲ್ಲಿ, ಪೈನ್ ಮರಗಳ ನಡುವೆ ದಾರಿ ಕಿರಿದಾಗುವ ಜಾಗದಲ್ಲಿ, ಮಿಸ್ ಪ್ರೂಯಿಟ್ ಕಿವಿ ಮುಂದೆ ಮಾಡಿ ನಿಂತುಬಿಟ್ಟಳು. ಡೆಲ್ಮರ್ ನೋಡಿದ. ಮೇಲಿನ ಇಳಿಜಾರಿನಲ್ಲಿ ಚಳಿಗಾಲದಲ್ಲಿ ಸತ್ತ ಎಲ್ಕ್ ಜಿಂಕೆಯ ಮೂಳೆಗಳು, ಅದರ ಮೇಲೆ ಕಂದು ಕರಡಿ. ಅದೂ ತಲೆ ಎತ್ತಿ ಇವನನ್ನೇ ನೋಡುತ್ತಿತ್ತು. ಅವನ ಕಣ್ಣು ಕರಡಿಯ ಮೇಲೆ, ಕೈ ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿತು. ಹೇಸರಗತ್ತೆ ಹಿಂದಕ್ಕೆ ಜಗ್ಗುವ ಮೊದಲೇ ಹಗ್ಗವನ್ನು ಕೊಂಬಿಗೆ ಸುತ್ತಿತು. ಆಯುಷ್ಯವೆಲ್ಲ ನೋಡದೆ ಸುತ್ತಿದ ಕೈ ಅದು. ಆದರೆ ದಾರಿ ತೋರಿಸುತ್ತಿದ್ದದ್ದು ಹೆಬ್ಬೆರಳು. ಅದಿಲ್ಲದ ಕೈಗೆ ಕೊಂಬು ಯಾವುದು, ಪಕ್ಕದ ಬಳೆ ಯಾವುದು ತಿಳಿಯಲಿಲ್ಲ. ಹಗ್ಗ ಸುತ್ತಿಕೊಂಡದ್ದು ಕೋವಿಯ ಲಿವರಿಗೆ.

ಮಿಸ್ ಪ್ರೂಯಿಟ್ ಒಮ್ಮೆ ಜಗ್ಗಿದಳು. ಕೋವಿ ಒರೆಯಿಂದ ಕಿತ್ತು ಬಂತು, ಲಿವರ್ ಬಾಯಿ ಬಿಟ್ಟಿತು, ಅವನ ತೊಡೆಯನ್ನು ಸವರಿಕೊಂಡು ಹೋಗಿ ಕಲ್ಲಿನ ಮೇಲೆ ಬಿದ್ದ ರಭಸಕ್ಕೆ ಲಿವರ್ ಮತ್ತೆ ಮುಚ್ಚಿಕೊಂಡಿತು. ಖಟಕ್ ಎಂಬ ಸದ್ದಿನ ಅರ್ಥ ಡೆಲ್ಮರ್‌ಗೆ ಗೊತ್ತಿತ್ತು. ಗುಂಡು ಒಳಗಿಳಿದಿದೆ, ಕೋವಿಯ ಕುದುರೆ ಎದ್ದಿದೆ, ಕೋವಿ ಹಗ್ಗಕ್ಕೆ ತೊಡಕಿಕೊಂಡು ಹೇಸರಗತ್ತೆಯ ಮುಂಗಾಲಿನ ಹತ್ತಿರ ಬಿದ್ದಿದೆ, ನಳಿಗೆ ಇವನ ಕಡೆಗಿದೆ. ಅವಳು ಒಂದು ಗೊರಸು ಎತ್ತಿಟ್ಟರೆ, ಹಗ್ಗ ಒಂದು ಗೇಣು ಎಳೆದರೆ, ಕರಡಿಯ ಅಗತ್ಯವೇ ಇಲ್ಲ. ಸೊಂಟದಲ್ಲಿದ್ದ, ಕರಡಿ ಓಡಿಸುವ ಖಾರದ ಸ್ಪ್ರೇ ಡಬ್ಬಿಗೆ ಕೈ ಹಾಕಿದ, ಆದರೆ ಗಾಳಿ ಮುಖಕ್ಕೆ ಬೀಸುತ್ತಿತ್ತು.

"ನಿಂತ್ಕೋ ತಾಯಿ," ಅಂದ ಮೆಲ್ಲಗೆ. "ನಿಂತ್ಕೋ ಮಿಸ್ ಪ್ರೂಯಿಟ್, ನಾನು ಮಾಡಿದ್ದು ತಪ್ಪು, ಗೊತ್ತಾಯ್ತು, ನಿಂತ್ಕೋ."

ಅವಳು ನಿಂತಳು. ಮೈಯೆಲ್ಲ ನಡುಗುತ್ತಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕಾಲು ಮಾತ್ರ ಕದಲಿಸಲಿಲ್ಲ. ಕರಡಿ ಒಮ್ಮೆ ಮೂಗಿನಿಂದ ಬುಸುಗುಟ್ಟಿ, ಈ ಬಡಪಾಯಿಗಳ ಸಹವಾಸವೇ ಬೇಡ ಎಂಬಂತೆ ಬೆನ್ನು ತಿರುಗಿಸಿ ಮರಗಳ ನಡುವೆ ಹೋಯಿತು. ಡೆಲ್ಮರ್ ಇಳಿದ. ಮಂಡಿಯೂರಿ ಎಡಗೈಯ ಹೆಬ್ಬೆರಳಲ್ಲಿ ಕೋವಿಯ ಕುದುರೆಯನ್ನು ಇಳಿಸಿದ. ಬೆವರು ಕಣ್ಣಿಗಿಳಿದಿತ್ತು. ಆಮೇಲೆ ಹೇಸರಗತ್ತೆಯ ಕೊರಳಿಗೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ನಿಂತು, "ಥ್ಯಾಂಕ್ಸ್" ಅಂದ. ಅದರ ಬೆಚ್ಚನೆಯ, ಬೆವರು ವಾಸನೆಯ ಮೈ ಆ ಹೊತ್ತಿಗೆ ಅವನಿಗೆ ಸ್ವರ್ಗವಾಗಿತ್ತು.

ನೋಡಿದವರು ಯಾರೂ ಇರಲಿಲ್ಲ. ಕರಡಿ ಬಂದು ಸಾಕ್ಷಿ ಹೇಳುವುದಿಲ್ಲ. ಕೋವಿಯ ಮರದಲ್ಲಿ ಒಂದು ಗೀರು ಬಿದ್ದಿತ್ತು, ಅಷ್ಟೆ. ಕೆಳಗಿಳಿಯುವಾಗ ದಾರಿಯುದ್ದಕ್ಕೂ ಡೆಲ್ಮರ್‌ಗೆ ಅದೇ ಯೋಚನೆ. ಕೋವಿ ಚೆನ್ನಾಗಿದೆ ಎಂದು ಹೇಳಿದರೆ ಸುಳ್ಳೇನೂ ಅಲ್ಲ. ಕೋವಿ ಚೆನ್ನಾಗಿಯೇ ಇದೆ. ಒರೆಯನ್ನು ಕೊಂಬಿನ ಪಕ್ಕದಿಂದ ಎದೆಗೆ ಬದಲಾಯಿಸಿದರೆ ಮುಗಿಯಿತು. ಆದರೆ ವಿಲ್ಡಾ ಕೇಳಿದ್ದು ಕೋವಿಯ ವಿಷಯವಲ್ಲ. ಅದನ್ನು ನಂಬಿ ಒಬ್ಬನೇ ಇರುತ್ತೀಯಾ ಎಂದು ಕೇಳಿದ್ದಳು. ಕೊಂಬು ಎಲ್ಲಿದೆ ಎಂದು ತಿಳಿಯದ ಕೈ ತನ್ನದು. ಇವತ್ತು ಹೇಸರಗತ್ತೆ ಉಳಿಸಿತು, ನಾಳೆ ಯಾರು? ಬೆಟ್ಟವಿಲ್ಲದ ಬೇಸಿಗೆಯನ್ನು ಅವನು ಕಲ್ಪಿಸಿಕೊಂಡ. ಪೇಟೆಯ ಕಾಫಿ ಅಂಗಡಿಯ ಕಿಟಕಿ ಪಕ್ಕ ಕೂತ ಮುದುಕರ ಸಾಲಿನಲ್ಲಿ ತಾನೂ ಒಬ್ಬ.

ಮುದ್ರೆ ಒತ್ತುವ ದಿನ ಆಸ್ಟ್‌ಬಿಯವರ ದೊಡ್ಡಿಯಲ್ಲಿ ಐದು ಮನೆಯವರೂ ಸೇರಿದ್ದರು. ಹೊಗೆ, ಸುಟ್ಟ ಕೂದಲ ವಾಸನೆ, ಕರುಗಳ ಕೂಗು. ಊಟದ ಹೊತ್ತಿಗೆ ಉದ್ದನೆಯ ಮೇಜಿನ ಮೇಲೆ ಬೀಫ್, ಬೀನ್ಸ್, ಜೊರೆಟಳ ಪೈ. ವಿಲ್ಡಾ ತಟ್ಟೆ ಹಿಡಿದು ಡೆಲ್ಮರ್‌ನ ಎದುರು ನಿಂತಳು.

"ಏನಪ್ಪಾ, ಕೋವಿ ಹೇಗಿದೆ?"

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಇರ್ವಿನ್ ಕೂಡ ಬಂದಿದ್ದ. ಡೆಲ್ಮರ್ ಟೋಪಿ ಸರಿಮಾಡಿಕೊಂಡ, ಆದರೆ ಎದ್ದು ಹೋಗಲಿಲ್ಲ. ನಡೆದದ್ದೆಲ್ಲ ಹೇಳಿದ. ಹಗ್ಗವನ್ನು ಕೋವಿಗೆ ಸುತ್ತಿದ್ದನ್ನು ಹೇಳುವಾಗ ಯಾರೋ ನಕ್ಕರು, ಕೋವಿಯ ಕುದುರೆ ಎದ್ದು ನಿಂತಿದ್ದನ್ನು ಹೇಳಿದಾಗ ನಗು ನಿಂತಿತು.

"ಕೋವಿ ಒಳ್ಳೇದು ವಿಲ್ಡಾ. ಎದೆಗೆ ಕಟ್ಟಿಕೊಂಡ್ರೆ ಇನ್ನೂ ಒಳ್ಳೇದು. ಕೈ ಸರಿ ಇಲ್ಲ. ಒಬ್ಬನೇ ಇರ್ತೀನಿ ಅಂತ ಮಾತು ಕೊಡೋಕೆ ಆಗಲ್ಲ."

ವಿಲ್ಡಾ ತಟ್ಟೆಯನ್ನು ಕೆಳಗಿಟ್ಟಳು. ಅವಳ ಮುಖ ಬಾಡಿತು. "ಹಾಗಿದ್ರೆ ಕಳಿಸೋಕೆ ಆಗಲ್ಲ ಕಣೋ," ಅಂದಳು. "ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ಒಬ್ಬನೇ ಕಳಿಸಲ್ಲ."

"ಒಬ್ಬನೇ ಯಾಕೆ ಹೋಗ್ಬೇಕು?"

ಪೈ ಕತ್ತರಿಸುತ್ತಿದ್ದ ಜೊರೆಟ ತಲೆ ಎತ್ತದೆ ಕೇಳಿದಳು.

ಅವಳು ಚಾಕು ಒರೆಸಿಟ್ಟಳು. "ಹೇಸರಗತ್ತೆ ಕಟ್ಟೋದು ನಂಗೆ ಗೊತ್ತು. ಕುದುರೆ ಹತ್ತೋದು ಗೊತ್ತು. ಆ ಕೋವಿ ಹೊಡೆದು ನೋಡಿದೀನಿ, ಡಬ್ಬಿ ಬಿತ್ತು, ಇವನು ಗಾಳಿ ಅಂದ್ಕೊಂಡ. ನಂಗೆ ಎರಡೂ ಹೆಬ್ಬೆರಳಿದೆ. ಶಾಲೆ ಕೆಲಸಾನೂ ಮುಗೀತು. ಇವನು ಕರೀತಾನೆ ಅಂತ ಎಷ್ಟು ವರ್ಷದಿಂದ ಗೇಟ್ ತನಕ ಹೋಗಿ ನಿಂತ್ಕೊಳ್ತಿದೀನಿ. ಕರೀಲಿಲ್ಲ. ಇನ್ನು ನಾನೇ ಹೇಳ್ಬೇಕಾಯ್ತು."

ಪ್ರತಿ ಜೂನ್‌ನಲ್ಲಿ ಅವಳು ಗೇಟಿಗೆ ಬರುವುದು ಕೋಳಿಗಳನ್ನು ಒಳಗೆ ಅಟ್ಟಲು ಎಂದು ಡೆಲ್ಮರ್ ತಿಳಿದಿದ್ದ. ಬರಲು ಅವಳಿಗೆ ಮನಸ್ಸಿದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಚಳಿ, ಇಲಿ, ಹೊಗೆ ತುಂಬುವ ಒಲೆ, ಇದೆಲ್ಲ ಯಾರಿಗೆ ಬೇಕು ಎಂದುಕೊಂಡಿದ್ದ. ದಡ್ಡ ಎಂದರೆ ಇವನೇ.

"ಗುಡಿಸಲಲ್ಲಿ ಇರೋದು ಒಂದೇ ಮಂಚ," ಅಂದ ಕೊನೆಗೆ.

"ಅಗಲ ಮಾಡು. ಮರಕ್ಕೇನು ಬರ ಅಲ್ಲಿ?"

ಮೇಜಿನ ಸುತ್ತ ನಗು ಎದ್ದಿತು. ವಿಲ್ಡಾ ಎಲ್ಲರಿಗಿಂತ ಜೋರಾಗಿ ನಕ್ಕು, ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡಳು.

ಜೂನ್‌ನಲ್ಲಿ ದನಗಳು ಮೇಲೇರಿದಾಗ ಮುಂದೆ ಜೊರೆಟ ಇದ್ದಳು. ಎದೆಯ ಮೇಲೆ ಓರೆಯಾಗಿ ಗಿಡ್ಡ ಕೋವಿ. ಜೀನಿನ ಹಿಂದಿನ ಉಂಗುರಕ್ಕೆ ತೆಳು ದಾರದಲ್ಲಿ ಕಟ್ಟಿದ ಮಿಸ್ ಪ್ರೂಯಿಟ್, ತನ್ನ ಪಾಠ ಕೊನೆಗೂ ಒಬ್ಬರಿಗೆ ಅರ್ಥವಾಯಿತು ಎಂಬ ಗತ್ತಿನಲ್ಲಿ ನಡೆಯುತ್ತಿದ್ದಳು. ಡೆಲ್ಮರ್ ದನಗಳ ಹಿಂದೆ ಧೂಳು ತಿನ್ನುತ್ತ ಬಂದ. ಆ ಬೇಸಿಗೆ ಕೋವಿ ಒಂದೇ ಸಲ ಬೇಕಾಯಿತು. ಕಲ್ಲಿನ ಸಂದಿಯಲ್ಲಿ ಕಾಲು ಮುರಿದುಕೊಂಡ ಹಸುವೊಂದನ್ನು ಜೊರೆಟ ನೋವಿನಿಂದ ಬಿಡಿಸಿದಳು. ಆಮೇಲೆ ಕಲ್ಲಿನ ಮೇಲೆ ಕೂತು ಅತ್ತಳು. ಅವನು ಪಕ್ಕದಲ್ಲಿ ಕೂತ. ಅಷ್ಟು ವರ್ಷ ಆ ಕೆಲಸವನ್ನು ಅವನು ಒಬ್ಬನೇ ಮಾಡಿ, ಒಬ್ಬನೇ ಬಂದು ಅಡುಗೆ ಮಾಡಿಕೊಂಡು ಉಂಡಿದ್ದ. ಪಕ್ಕದಲ್ಲಿ ಅಳುವವರೊಬ್ಬರು ಇದ್ದರೆ ಎಷ್ಟು ಹಗುರವಾಗುತ್ತದೆ ಎಂಬುದು ಆವತ್ತು ತಿಳಿಯಿತು. ಎದ್ದು ಹೊರಡುವಾಗ ಅವಳ ಭುಜ ಹಿಡಿದು, ಟೋಪಿ ಮುಟ್ಟದೆ, "ಥ್ಯಾಂಕ್ಸ್ ಜೊರೆಟ" ಅಂದ. ಅವಳು ಕಣ್ಣೊರೆಸಿಕೊಳ್ಳುತ್ತ, "ನನ್ನನ್ನ ಕುದುರೆ ಅಂದ್ಕೊಂಡ್ಯೇನೋ," ಅಂದಳು.

ಅಕ್ಟೋಬರಿನಲ್ಲಿ ಇಳಿದು ಬಂದ ಮೇಲೆ ಇಬ್ಬರೂ ಇರ್ವಿನ್‌ನ ಅಂಗಡಿಗೆ ಹೋದರು. ಕೋವಿ ಹೇಗೆ ಎಂದು ಅವನು ಕೇಳಿದ್ದಕ್ಕೆ ಡೆಲ್ಮರ್ ಎಲ್ಲವನ್ನೂ ಹೇಳಿದ. ಹತ್ತಿರಕ್ಕೆ ನಂಬಬಹುದು, ದೂರಕ್ಕೆ ಬೇಡ. ಪಟ್ಟಿ ಇಲ್ಲದೆ ಹೊಡೆಯಬೇಡ. ಎದೆಗೆ ಕಟ್ಟು, ಕೊಂಬಿನ ಹತ್ತಿರ ಮಾತ್ರ ಕಟ್ಟಬೇಡ.

"ಹೆಬ್ಬೆರಳಿಲ್ಲದೋರಿಗೆ ಆಗುತ್ತೆ ಅಂತ ಹೇಳಬಹುದಾ?" ಅಂತ ಇರ್ವಿನ್ ಕೇಳಿದ.

ಡೆಲ್ಮರ್ ತನ್ನ ಬಲಗೈಯನ್ನು ತಿರುವಿ ನೋಡಿಕೊಂಡ. ಆಚೆ ಜೊರೆಟ ಹೊಸ ಜೀನೊಂದರ ಚರ್ಮ ಮುಟ್ಟಿ ನೋಡುತ್ತಿದ್ದಳು.

"ಬೆರಳು ಇದ್ದಿದ್ರೆ ಈ ಬೇಸಿಗೇನೂ ಒಬ್ಬನೇ ಹೋಗಿಬಿಡ್ತಿದ್ದೆ ಇರ್ವಿನ್," ಅಂದ. "ಸಾಯೋ ತನಕ ಒಬ್ಬನೇ ಹೋಗ್ತಿದ್ದೆ. ಆ ಕಾಗೆ ಸಿಕ್ಕಿದ್ರೆ ಅದಕ್ಕೂ ಒಂದು ಥ್ಯಾಂಕ್ಸ್ ಹೇಳ್ಬೇಕು."

ಇರ್ವಿನ್‌ಗೆ ಕಾಗೆಯ ವಿಷಯ ಅರ್ಥವಾಗಲಿಲ್ಲ. ಅವನು ಅಳತೆಪಟ್ಟಿ ತೆಗೆದುಕೊಂಡು, ಎದೆಯ ಪಟ್ಟಿಯನ್ನು ಜೊರೆಟಳ ಅಳತೆಗೆ ಸರಿಮಾಡಲು ಹೋದ.